ಮನೆಗಾವಲಿನ ಕೋವಿಗೆ ಯಾವ ತೋಟೆ? ಗೋಡೆ, ಬಾಗಿಲು ಮತ್ತು ಕಿವಿಯ ಲೆಕ್ಕ

ಪುಣೆ, ಬಾಣೇರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ನಮ್ಮ ಅಡಿಕೆ ತೋಟದ ಮನೆಯಲ್ಲಿ ತಂದೆಯವರು ಇಟ್ಟುಕೊಂಡಿದ್ದ 12 ಬೋರಿನ ಜೋಡುನಳಿಗೆ ಕೋವಿಯು, ಅವರು ತೀರಿಕೊಂಡ ಬಳಿಕ, ವಾರಸುದಾರನ ನೆಲೆಯಲ್ಲಿ ಪರವಾನಗಿ ಪಡೆದು ನನ್ನ ಹೆಸರಿಗೆ ಬಂದಿದೆ. ನಾನಿರುವುದು ಹನ್ನೊಂದನೇ ಮಹಡಿಯ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ. ಜೊತೆಗೆ ಹೆಂಡತಿ, ಏಳು ವರ್ಷದ ಮಗಳು ಮತ್ತು ತಾಯಿ ಇದ್ದಾರೆ. ಹೋದ ತಿಂಗಳು ಕೆಳಗಿನ ಮಹಡಿಯಲ್ಲಿ ಬೀಗ ಹಾಕಿದ್ದ ಫ್ಲ್ಯಾಟೊಂದಕ್ಕೆ ಕಳ್ಳರು ನುಗ್ಗಿದ ಮೇಲೆ ಮನೆಯಲ್ಲಿ ಕೋವಿಯ ಮಾತು ಮತ್ತೆ ಎದ್ದಿತು.

ನನ್ನ ಪ್ರಶ್ನೆಗಳು ಎರಡು. ತೋಟದಲ್ಲಿ ಹಂದಿಗೆಂದು ತಂದೆಯವರು ಬಳಸುತ್ತಿದ್ದ ಎಲ್‌ಜಿ (ದಪ್ಪ ಸೀಸದ ಚರೆಗಳ) ತೋಟೆಯನ್ನು ಫ್ಲ್ಯಾಟಿನೊಳಗೆ ಹಾರಿಸಿದರೆ ಚರೆಗಳು ಎಲ್ಲಿಯವರೆಗೆ ಹೋದಾವು ಎಂಬುದು ಮೊದಲನೆಯದು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಆ ಶಬ್ದ ನಮ್ಮ ಕಿವಿಗಳನ್ನು, ಅದಕ್ಕಿಂತ ಹೆಚ್ಚಾಗಿ ಮಗಳ ಕಿವಿಗಳನ್ನು, ಏನು ಮಾಡೀತು ಎಂಬುದು ಎರಡನೆಯದು. ಅಮೆರಿಕದವರ ಬರಹಗಳನ್ನು ಸಾಕಷ್ಟು ಓದಿದ್ದೇನೆ. ಅವು ನಮ್ಮ ಮನೆಗಳಿಗೆ ಎಷ್ಟು ಹೊಂದುತ್ತವೆ ಎಂಬ ಅನುಮಾನವಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಕೊಡಗಿನವರು, ಈಗ ಖಡಕಿ ವಾಸ

ನಿಮ್ಮ ಅನುಮಾನ ಸರಿಯಾದದ್ದು. ಅಲ್ಲಿಯ ಮನೆಗಳ ಒಳಗೋಡೆಯೆಂದರೆ ಮರದ ಚೌಕಟ್ಟಿನ ಎರಡು ಬದಿಗೆ ಅರ್ಧ ಇಂಚು ದಪ್ಪದ ಜಿಪ್ಸಮ್ ಹಲಗೆ ಬಡಿದದ್ದು. ಕೈಮುಷ್ಟಿಯಿಂದ ಗುದ್ದಿದರೂ ತೂತಾಗುವ ಗೋಡೆ ಅದು. ಆದ್ದರಿಂದ ಅವರ ಚರ್ಚೆಯೆಲ್ಲ ‘ಕಳ್ಳನನ್ನು ತಡೆಯಬೇಕು, ಆದರೆ ಪಕ್ಕದ ಕೋಣೆಯ ಮಗುವಿಗೆ ತಾಗಬಾರದು’ ಎಂಬ ಒಂದೇ ಕಗ್ಗಂಟಿನ ಸುತ್ತ ತಿರುಗುತ್ತದೆ. ಅವರು ಹೆಚ್ಚಾಗಿ ಹೇಳುವ 9 ಮಿ.ಮೀ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರು, ಅಂದರೆ ಸಾಮಾನ್ಯರಿಗೆ ಪರವಾನಗಿ ಸಿಗದ ಅಳತೆ. ಸಾಮಾನ್ಯ ಪರವಾನಗಿದಾರನಿಗೆ ಸಿಗುವುದು ಪಾಯಿಂಟ್ 32ರ ರಿವಾಲ್ವರ್ ಅಥವಾ ಪಿಸ್ತೂಲು, ಪಾಯಿಂಟ್ 22, ಇಲ್ಲವೇ 12 ಬೋರಿನ ಕೋವಿ. ಹಾಗಾಗಿ ಅವರ ತೋಟೆಗಳ ಪಟ್ಟಿಯನ್ನು ಬದಿಗಿಟ್ಟು ನಮ್ಮದನ್ನೇ ನೋಡೋಣ.

ನಾನಿರುವ ಖಡಕಿಯ ಮದ್ದುಗುಂಡು ಕಾರ್ಖಾನೆ 1869ರಷ್ಟು ಹಳೆಯದು. ನಮ್ಮಲ್ಲಿ ಮಾರಾಟವಾಗುವ ಶಕ್ತಿಮಾನ್ ತೋಟೆಗಳು ಅಲ್ಲಿಂದಲೇ ಬಂದವು. ಚರೆಯ ಅಳತೆಗೆ ನಾವು ಇಂದಿಗೂ ಹಳೆಯ ಬ್ರಿಟಿಷ್ ಹೆಸರುಗಳನ್ನೇ ಬಳಸುತ್ತೇವೆ. ಎಲ್‌ಜಿ ಚರೆಯ ವ್ಯಾಸ ಸುಮಾರು 9.1 ಮಿ.ಮೀ., ಎಸ್‌ಜಿ ಸುಮಾರು 8.4, ಎಎಎ ಸುಮಾರು 5.2, ಬಿಬಿ ಸುಮಾರು 4.1, ಹಕ್ಕಿಗೆ ಬಳಸುವ ನಾಲ್ಕನೇ ನಂಬರು ಸುಮಾರು 3.1 ಮತ್ತು ಆರನೇ ನಂಬರು ಸುಮಾರು 2.6 ಮಿ.ಮೀ. ಅಮೆರಿಕದವರು ‘ಡಬಲ್ ಆಟ್’ ಎಂದು ಹೊಗಳುವ ಚರೆ ಹೆಚ್ಚುಕಡಿಮೆ ನಮ್ಮ ಎಸ್‌ಜಿಯೇ.

ಎಸ್‌ಜಿಯ ಒಂದು ಚರೆ ಮೂರೂವರೆ ಗ್ರಾಂ ತೂಗುತ್ತದೆ. ಪಾಯಿಂಟ್ 32 ಪಿಸ್ತೂಲಿನ ಗುಂಡು 4.6 ಗ್ರಾಂ. ಆದರೆ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ ಹೊರಟರೆ, ಚರೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಂದರೆ ಒಂದೊಂದು ಚರೆಯೂ ಪಿಸ್ತೂಲಿನ ಒಂದು ಗುಂಡಿಗಿಂತ ಹೆಚ್ಚು ಶಕ್ತಿಯನ್ನು ಹೊತ್ತಿದೆ, ಮತ್ತು ಒಮ್ಮೆ ಕುದುರೆ ಎಳೆದರೆ ಅಂಥ ಎಂಟೊಂಬತ್ತು ಚರೆಗಳು ಒಟ್ಟಿಗೆ ಹೊರಡುತ್ತವೆ. ಎಲ್‌ಜಿಯ ಲೆಕ್ಕ ಇದಕ್ಕಿಂತಲೂ ಭಾರವಾದದ್ದು. ನಿಮ್ಮ ತಂದೆಯವರು ಅದನ್ನು ಆಯ್ದದ್ದು ಗುಡ್ಡದಲ್ಲಿ ಹಂದಿಯ ದಪ್ಪ ಚರ್ಮಕ್ಕಾಗಿ. ಫ್ಲ್ಯಾಟಿಗೆ ಅದು ಬೇಡವೇ ಬೇಡ.

ಚರೆಗಳು ಹರಡುವುದರಿಂದ ಗುರಿ ಹಿಡಿಯುವ ಅಗತ್ಯವಿಲ್ಲವೆಂಬ ನಂಬಿಕೆ ನಮ್ಮ ಊರಲ್ಲೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆದು ನೋಡಿದವರಿಗೆ ಆ ಭ್ರಮೆ ಉಳಿದಿರುವುದಿಲ್ಲ. ಮನೆಯೊಳಗಿನ ನಾಲ್ಕೈದು ಮೀಟರ್ ಅಂತರದಲ್ಲಿ ಹರಡುವಿಕೆ ಒಂದು ಅಂಗೈಯಗಲ, ಅಷ್ಟೇ.

ಮುಂಬೈ, ಮುಲುಂಡ್ (ಕಟ್ಟಡ ವಿನ್ಯಾಸದ ಇಂಜಿನಿಯರ್)

ಗೋಡೆಯ ವಿಷಯಕ್ಕೆ ನಾನು ಬರುತ್ತೇನೆ, ಏಕೆಂದರೆ ‘ನಮ್ಮದು ಗಟ್ಟಿ ಗೋಡೆ, ಭಯವಿಲ್ಲ’ ಎಂದು ಇಲ್ಲಿ ಯಾರಾದರೂ ಬರೆಯುವ ಮೊದಲು ಹೇಳಬೇಕಾದ ಕೆಲವು ಮಾತುಗಳಿವೆ.

ಬಾಣೇರಿನ ಹೊಸ ಗೋಪುರಗಳಲ್ಲಿ ಬಹುಪಾಲು ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳದ್ದು. ನಾವು ಅದನ್ನು ಮಿವಾನ್ ಎನ್ನುತ್ತೇವೆ. 150ರಿಂದ 200 ಮಿ.ಮೀ. ದಪ್ಪದ, ಸರಳು ಹೆಣೆದ ಆ ಕಾಂಕ್ರೀಟನ್ನು ಇಲ್ಲಿ ಮಾತಾಡುತ್ತಿರುವ ಯಾವ ಚರೆಯೂ ದಾಟಲಾರದು. ಹಳೆಯ ಕಟ್ಟಡಗಳ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯೂ ಹಾಗೆಯೇ. ಆದರೆ ಇತ್ತೀಚೆಗೆ ಒಳಗೋಡೆಗಳಿಗೆ ಬಳಸುವ ಹಗುರ ಎಎಸಿ ಬ್ಲಾಕು ಗಾಳಿಗುಳ್ಳೆಗಳಿಂದ ತುಂಬಿದ್ದು, ಘನ ಮೀಟರಿಗೆ 550ರಿಂದ 650 ಕಿಲೋದಷ್ಟೇ ತೂಗುತ್ತದೆ. ನೀರಿನಲ್ಲಿ ತೇಲುವ ಕಲ್ಲದು. 100 ಮಿ.ಮೀ. ದಪ್ಪದ ಎಎಸಿಯನ್ನು ನಾನು ಇಟ್ಟಿಗೆಗೆ ಸಮವೆಂದು ಎಣಿಸಿ ಅದರ ಹಿಂದೆ ಯಾರನ್ನೂ ಮಲಗಿಸಲಾರೆ. ನಿಮ್ಮ ಮನೆಯ ಯಾವ ಗೋಡೆ ಯಾವುದರದ್ದೆಂದು ಸೊಸೈಟಿಯ ನಕ್ಷೆ ನೋಡಿ ತಿಳಿದುಕೊಳ್ಳಿ. ಮೊಳೆ ಹೊಡೆದು ನೋಡಿದರೂ ತಿಳಿಯುತ್ತದೆ.

ಗೋಡೆಗಿಂತ ದೊಡ್ಡ ಚಿಂತೆ ಬಾಗಿಲಿನದು. ಫ್ಲಷ್ ಡೋರ್ ಎಂಬುದು 30–35 ಮಿ.ಮೀ. ಮರ ಮತ್ತು ಪ್ಲೈವುಡ್. ಪಾಯಿಂಟ್ 32ರ ಗುಂಡಾಗಲಿ ಎಸ್‌ಜಿ ಚರೆಯಾಗಲಿ ಅದನ್ನು ದಾಟಿಯೂ ಆಚೆ ಇರುವವರನ್ನು ಘಾಸಿಗೊಳಿಸಬಲ್ಲದು. ನುಗ್ಗುವವನು ಗೋಡೆಯಿಂದ ಬರುವುದಿಲ್ಲ, ಬಾಗಿಲಿನಿಂದ ಬರುತ್ತಾನೆ. ಅಂದರೆ ನಿಮ್ಮ ಕೋವಿಯ ಬಾಯಿ ತಿರುಗುವುದು ಮನೆಯ ಅತ್ಯಂತ ತೆಳುವಾದ ಜಾಗಕ್ಕೇ. ಅದರ ನೇರಕ್ಕೆ ಲಿಫ್ಟಿನ ಅಂಗಳ, ಅದರಾಚೆ ಎದುರುಮನೆಯ ಬಾಗಿಲು. ಬಾಲ್ಕನಿಯ ಗಾಜಿನ ಜಾರುಬಾಗಿಲಿನ ಕಡೆಗೆ ತಿರುಗಿದಿರೋ, ಹನ್ನೊಂದನೇ ಮಹಡಿಯಿಂದ ಹೊರಟ ಚರೆ ಎಲ್ಲಿ ಇಳಿಯುತ್ತದೆಂದು ಹೇಳಬಲ್ಲವರಿಲ್ಲ.

ಗಟ್ಟಿ ಗೋಡೆಗೆ ಇನ್ನೊಂದು ಗುಣವಿದೆ. ಓರೆಯಾಗಿ ತಾಗಿದ ಸೀಸವನ್ನು ಕಾಂಕ್ರೀಟ್ ಹಿಂದಕ್ಕೆ ಚಿಮ್ಮಿಸುವುದಕ್ಕಿಂತ ಹೆಚ್ಚಾಗಿ, ತನ್ನ ಮೈಗೆ ಹತ್ತಿರವಾಗಿಯೇ ಜಾರಿಸಿಕೊಂಡು ಹೋಗುತ್ತದೆ. ನಮ್ಮ ಫ್ಲ್ಯಾಟುಗಳ ಮೂರಡಿ ಅಗಲದ ಓಣಿಯಂಥ ಪ್ಯಾಸೇಜಿನಲ್ಲಿ ಗುರಿ ತಪ್ಪಿದ ಚರೆ ಗೋಡೆಯುದ್ದಕ್ಕೂ ಸಾಗಿ ಕೊನೆಯ ಕೋಣೆಯನ್ನು ತಲುಪಬಹುದು. ಜಿಪ್ಸಮ್ ಗೋಡೆಯವರಿಗೆ ತೂರುವ ಭಯ; ಕಾಂಕ್ರೀಟ್ ಗೋಡೆಯವರಿಗೆ ಜಾರುವ ಭಯ.

ಮುಂಬೈ, ಅಂಧೇರಿ

ನಾನು ಚಿನ್ನದ ವ್ಯಾಪಾರಿ; ಕಾನ್ಪುರದಲ್ಲಿ ತಯಾರಾದ ಪಾಯಿಂಟ್ 32ರ ರಿವಾಲ್ವರ್ ಇಟ್ಟುಕೊಂಡಿದ್ದೇನೆ. ಫ್ಲ್ಯಾಟಿನಲ್ಲಿ ಉದ್ದ ನಳಿಗೆಯ ಕೋವಿಯನ್ನು ಬಾಗಿಲ ಮೂಲೆಯಲ್ಲಿ ತಿರುಗಿಸುವುದೇ ಕಷ್ಟವಿರುವಾಗ, ಕಡಿಮೆ ಶಕ್ತಿಯ ರಿವಾಲ್ವರೇ ನೆರೆಮನೆಯವರಿಗೂ ಕ್ಷೇಮವಲ್ಲವೇ? ತುದಿ ಟೊಳ್ಳಾದ, ಒಳಗೆ ಹೋಗಿ ಅರಳುವ ಗುಂಡು ಸಿಕ್ಕರೆ ಇನ್ನೂ ಒಳ್ಳೆಯದೆಂದು ಓದಿದ್ದೇನೆ. ಆದರೆ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ.

ಕೊಡಗಿನವರು, ಈಗ ಖಡಕಿ ವಾಸ

ಅರಳುವ ಗುಂಡಿಗೆ ‘ದಮ್‌ದಮ್’ ಎಂಬ ಹೆಸರು ಬಂದದ್ದೇ ಕೊಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರದಿಂದ. 1899ರ ಹೇಗ್ ಘೋಷಣೆ ಅದನ್ನು ನಿಷೇಧಿಸಿದ್ದು ಯುದ್ಧಕ್ಕೆ ಮಾತ್ರ. ಆ ಗುಂಡು ಹುಟ್ಟಿದ ದೇಶದಲ್ಲಿಯೇ ನಮ್ಮಂಥವರಿಗೆ ಅಂಗಡಿಯಲ್ಲಿ ಸಿಗುವುದು ಮೊಂಡುಮೂತಿಯ ಸಾದಾ ಗುಂಡು: ಪಿಸ್ತೂಲಿಗೆ ಪೂರ್ತಿ ಲೋಹದ ಕವಚವಿರುವುದು, ರಿವಾಲ್ವರಿಗೆ ಸೀಸದ್ದು. ಸಿಕ್ಕಿದ್ದರೂ ಪಾಯಿಂಟ್ 32ರ ವೇಗದಲ್ಲಿ ಅರಳುವಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಅರಳಿದರೆ ಆಳಕ್ಕೆ ಹೋಗುವುದಿಲ್ಲ, ಅರಳದಿದ್ದರೆ ಸಾದಾ ಗುಂಡಿನಂತೆಯೇ ತೂರುತ್ತದೆ.

ಆಳದ ಅಳತೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತ ಬಳಿಕ, ದುಷ್ಕರ್ಮಿಗೆ ತಾಗಿದ ಒಂದು ಗುಂಡು ಹೃದಯದವರೆಗೆ ತಲುಪದೆ ನಿಂತದ್ದನ್ನು ಮುಂದಿಟ್ಟುಕೊಂಡು ಆ ಸಂಸ್ಥೆ, ಪರೀಕ್ಷೆಯಲ್ಲಿ ಮಾಂಸದ ಬದಲಿಗೆ ಬಳಸುವ ಜೆಲಾಟಿನ್ ಗಟ್ಟಿಯಲ್ಲಿ ಗುಂಡು 12ರಿಂದ 18 ಇಂಚು ಇಳಿಯಬೇಕೆಂಬ ಮಾನದಂಡವನ್ನು ತಂದಿತು. ಪಾಯಿಂಟ್ 32ರ ಕವಚದ ಗುಂಡು ಸಣ್ಣದಾದರೂ ಆ ಆಳವನ್ನು ಮುಟ್ಟುತ್ತದೆ. ಆದ್ದರಿಂದ ‘ಕಡಿಮೆ ಶಕ್ತಿ’ ಎಂದರೆ ‘ಕಡಿಮೆ ತೂರುವಿಕೆ’ ಎಂದು ಓದಬೇಡಿ. ಇಂಜಿನಿಯರರು ಹೇಳಿದ ಬಾಗಿಲು ನಿಮ್ಮ ರಿವಾಲ್ವರಿಗೂ ಅಡ್ಡಿಯಲ್ಲ. ನಿಮ್ಮ ಅನುಕೂಲವಿರುವುದು ಬೇರೆ ಕಡೆ: ಒಂದು ಈಡಿಗೆ ಒಂದೇ ಗುಂಡು, ಲೆಕ್ಕ ಇಡಲು ಸುಲಭ. ಅನನುಕೂಲವೆಂದರೆ ಕತ್ತಲೆಯಲ್ಲಿ, ನಡುಗುವ ಕೈಯಲ್ಲಿ, ಎರಡು ಮೂರು ಇಂಚಿನ ನಳಿಗೆಯಿಂದ ಆ ಒಂದು ಗುಂಡೂ ಗುರಿಗೆ ಸೇರುವುದು ಅಭ್ಯಾಸವಿಲ್ಲದವರಿಗೆ ಕಷ್ಟ.

ಗೋವಾ, ಕಾಣಕೋಣ

ನಮ್ಮದು ಎರಡಡಿ ದಪ್ಪದ ಕೆಂಪು ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ಬೆಳೆ ರಕ್ಷಣೆಯ ಪರವಾನಗಿಯ ಒಂಟಿನಳಿಗೆ ಕೋವಿ ಇದೆ. ನೆರೆಮನೆ ಕೂಗಳತೆಯ ದೂರದಲ್ಲಿರುವುದರಿಂದ ನಿಮ್ಮ ತೊಡಕುಗಳು ನನಗಿಲ್ಲ. ಕಿಟಕಿಯ ಕದಕ್ಕೆ ಎದುರಾಗಿ ಹಾರಿಸಬಾರದೆಂಬುದೊಂದೇ ನಿಯಮ. ಆದರೆ ಕರಾವಳಿಯವರು ಗಮನಿಸಬೇಕಾದ ಮಾತೊಂದಿದೆ. ಮಳೆಗಾಲದ ನಾಲ್ಕು ತಿಂಗಳ ತೇವದಲ್ಲಿ ಹಳೆಯ ಕಾಗದದ ತೋಟೆಗಳು ಉಬ್ಬಿ ನಳಿಗೆಗೆ ಇಳಿಯುವುದಿಲ್ಲ, ಹಿತ್ತಾಳೆಯ ಬುಡ ಹಸಿರುಗಟ್ಟುತ್ತದೆ. ಬೇಕಾದ ಹೊತ್ತಿಗೆ ಟುಸ್ಸೆನ್ನುವ ತೋಟೆಯಲ್ಲಿ ತೂರುವ ಬಲದ ಚರ್ಚೆಗೆ ಅರ್ಥವಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೋವಿ ಒಪ್ಪಿಸಿ ಬರುವ ದಿನವನ್ನೇ ನಾನು ತೋಟೆ ಪರೀಕ್ಷಿಸುವ ದಿನವನ್ನಾಗಿ ಇಟ್ಟುಕೊಂಡಿದ್ದೇನೆ.

ಮುಂಬೈ, ಮಾಟುಂಗಾ (ಕಿವಿ, ಮೂಗು, ಗಂಟಲಿನ ವೈದ್ಯೆ)

ಎಲ್ಲರೂ ಗೋಡೆಯನ್ನು ಅಳೆದರು. ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ನಮ್ಮ ದೇಶದ ನಿಯಮದಂತೆ ಪಟಾಕಿಯು ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 145 ಡೆಸಿಬೆಲ್‌ ಶಿಖರವನ್ನು ಮೀರುವಂತಿಲ್ಲ. 12 ಬೋರಿನ ಕೋವಿ ಹಾರಿಸುವವರ ಕಿವಿಯ ಬಳಿ 150ರಿಂದ 160ಕ್ಕೂ ಮೇಲೆ ಹೋಗುತ್ತದೆ. ಗಿಡ್ಡ ನಳಿಗೆಯ ರಿವಾಲ್ವರ್ ಅದಕ್ಕೇನೂ ಕಡಿಮೆಯಿಲ್ಲ, ಏಕೆಂದರೆ ಅದರ ಬಾಯಿ ನಿಮ್ಮ ಮುಖಕ್ಕೆ ಹತ್ತಿರ. ಡೆಸಿಬೆಲ್ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ: ಇಪ್ಪತ್ತು ಹೆಚ್ಚಾದರೆ ಒತ್ತಡ ಹತ್ತು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಹಠಾತ್ ಶಬ್ದಕ್ಕೆ ದೊಡ್ಡವರಿಗೆ 140, ಮಕ್ಕಳಿಗೆ 120 ಡೆಸಿಬೆಲ್‌ನ ಮಿತಿ ಹೇಳಿದೆ. ನಿಮ್ಮ ಮಗಳ ಮಿತಿಗೂ ಈ ಕೋವಿಗೂ ನಡುವಿನ ಅಂತರವನ್ನು ನೀವೇ ಕಳೆದು ನೋಡಿ.

ದೊಡ್ಡ ಶಬ್ದಕ್ಕೆ ಕಿವಿಯೊಳಗಿನ ಸಣ್ಣ ಸ್ನಾಯುವೊಂದು ಬಿಗಿದು ತಡೆಯೊಡ್ಡುತ್ತದೆ, ನಿಜ. ಆದರೆ ಈಡಿನ ಶಬ್ದ ಕೆಲವೇ ಮಿಲಿಸೆಕೆಂಡುಗಳಲ್ಲಿ ಶಿಖರ ಮುಟ್ಟಿ ಮುಗಿದಿರುತ್ತದೆ. ಸ್ನಾಯು ಎಚ್ಚರಗೊಳ್ಳುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬಯಲಿನಲ್ಲಿ ಒಂದು ಸಲ ಬಂದು ಹೋಗುವ ಅಲೆ, ಮುಲುಂಡಿನವರು ಹೇಳಿದ ಕಾಂಕ್ರೀಟ್ ಕೋಣೆಯಲ್ಲಿ ನಾಲ್ಕು ಗೋಡೆ, ನೆಲ, ತಾರಸಿಗಳಿಗೆ ಬಡಿದು ಮತ್ತೆ ಮತ್ತೆ ಬರುತ್ತದೆ. ತೋಟದಲ್ಲಿ ನಿಮ್ಮ ತಂದೆಯವರು ಸಹಿಸಿಕೊಂಡ ಶಬ್ದ ಇದಲ್ಲ.

ತೋಟೆ ಬದಲಿಸಿ ಶಬ್ದ ತಗ್ಗಿಸಬಹುದೆಂದು ಹಲವರು ಎಣಿಸುತ್ತಾರೆ. ಪಾಯಿಂಟ್ 32ರ ಗುಂಡು ಹೇಗೂ ಶಬ್ದದ ವೇಗಕ್ಕಿಂತ ನಿಧಾನ. ಆದರೂ ನಳಿಗೆಯ ಬಾಯಲ್ಲಿ ಹೊರನುಗ್ಗುವ ಅನಿಲದ ಸ್ಫೋಟವೊಂದೇ ಕಿವಿಗೆ ಸಾಕು. ಚರೆಯ ಗಾತ್ರ ಬದಲಿಸಿದರೂ ಮದ್ದು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕಿವಿಗೆ ವ್ಯತ್ಯಾಸವೇನೂ ಆಗದು. ಬೀರುವಿನಲ್ಲಿ ಕೋವಿಯ ಪಕ್ಕದಲ್ಲೇ ಎಲೆಕ್ಟ್ರಾನಿಕ್ ಕಿವಿಗವಚ ಇಡಿ. ಅದು ಪಿಸುಮಾತನ್ನು ಒಳಬಿಡುತ್ತದೆ, ಸ್ಫೋಟವನ್ನು ತಗ್ಗಿಸುತ್ತದೆ. ಮಗಳಿಗೂ ತಾಯಿಗೂ ಸಾದಾ ಕವಚಗಳಿರಲಿ. ಕವಚವಿಲ್ಲದೆ ಹಾರಿಸಿದ ಮೇಲೆ ಕೆಲ ಹೊತ್ತು ನಿಮಗೆ ಗುಂಯ್‌ಗುಡುವುದರ ಹೊರತು ಬೇರೇನೂ ಕೇಳದೆ ಹೋಗಬಹುದು: ಕಳ್ಳ ಓಡಿದನೋ ಇಲ್ಲೇ ಇದ್ದಾನೋ, ಹೆಂಡತಿ ಏನು ಕೂಗಿದಳು, 112ರವರು ಏನು ಕೇಳಿದರು, ಯಾವುದೂ. ಫೋನಿನ ಕೆಲಸ ಮೊದಲೇ ಮುಗಿದಿರಬೇಕು. ದುರದೃಷ್ಟಕ್ಕೆ ಈಡು ಹಾರಿ ಕಿವಿ ಮಂಕಾದರೆ ‘ನಾಳೆ ಸರಿಹೋದೀತು’ ಎಂದು ಕಾಯದೆ ಮರುದಿನದೊಳಗೆ ತಜ್ಞರನ್ನು ಕಾಣಿರಿ. ಔಷಧಕ್ಕೆ ಏನಾದರೂ ಬೆಲೆ ಇದ್ದರೆ ಅದು ಆರಂಭದ ದಿನಗಳಲ್ಲಿ ಮಾತ್ರ.

ಮುಂಬೈ, ದಾದರ್ (ವಕೀಲರು)

ಶಬ್ದ ತಗ್ಗಿಸುವ ಸಾಧನವನ್ನು ಆನ್‌ಲೈನಿನಲ್ಲಿ ತರಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ ಇಲ್ಲಿಯೇ ಬಿಟ್ಟುಬಿಡಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ, ಶಬ್ದವನ್ನೋ ಬೆಂಕಿಯ ಹೊಳಪನ್ನೋ ತಗ್ಗಿಸಲೆಂದು ಮಾಡಿದ ಉಪಕರಣವೂ ‘ಬಂದೂಕು’ ಎಂಬ ಪದದೊಳಗೇ ಸೇರುತ್ತದೆ. ತೋಟೆ ಬಿಚ್ಚಿ ಚರೆ ಬದಲಿಸುವ ಮನೆಕೆಲಸವೂ ಬೇಡ.

ತೂರುವಿಕೆಗೆ ಕಾನೂನಿನಲ್ಲಿ ನೇರ ಜಾಗವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಖಾಸಗಿ ರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮೊದಲು ಮನೆ ಒಡೆದು ನುಗ್ಗುವವನ ವಿಷಯ 41ರಲ್ಲಿದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು, ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ ಎಂಬ ಲಗಾಮು 37ರಲ್ಲಿದೆ. ನಿರಪರಾಧಿಗೆ ತಾಗುವ ಅಪಾಯವಿದ್ದರೂ ಹಕ್ಕು ಚಲಾಯಿಸಬಹುದಾದ ಸಂದರ್ಭವನ್ನು 44 ಹೇಳುತ್ತದೆ. ಅದು ಅನ್ವಯಿಸುವುದು ಜೀವ ಹೋಗುವ ಭಯ ಹುಟ್ಟಿಸುವ ಹಲ್ಲೆಯೆದುರು ಮಾತ್ರ. ಟಿವಿ ಹೊತ್ತು ಮೆಟ್ಟಿಲಿಳಿಯುತ್ತಿರುವವನ ಬೆನ್ನಿಗಲ್ಲ. ಇದರ ಜೊತೆಗೆ, 2019ರ ತಿದ್ದುಪಡಿಯು ಇತರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಕೋವಿ ಬಳಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ಇಟ್ಟಿದೆ. ಎದುರುಮನೆಯ ಬಾಗಿಲಿನಲ್ಲಿ ಸಿಕ್ಕ ಎಸ್‌ಜಿ ಚರೆಗೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾದವರು ನೀವೇ, ತೋಟೆ ಮಾರಿದವನಲ್ಲ.

ಪುಣೆ, ಬಾಣೇರ್

ಹಾಗಾದರೆ ಹಕ್ಕಿಯ ಚರೆಯನ್ನೇ, ಅಂದರೆ ನಾಲ್ಕನೇ ಅಥವಾ ಆರನೇ ನಂಬರನ್ನೇ, ಹಾಕಿಟ್ಟರೆ ಎರಡೂ ಕಡೆ ಕ್ಷೇಮವಾಗದೇ?

ಕೊಡಗಿನವರು, ಈಗ ಖಡಕಿ ವಾಸ

ಈ ವಾದ ಹಳೆಯದು, ಎರಡೂ ಕಡೆ ಸತ್ಯವಿದೆ. ಸಣ್ಣ ಚರೆ ಜೆಲಾಟಿನ್‌ನಲ್ಲಿ ಐದಾರು ಇಂಚು ದಾಟುವುದು ಕಷ್ಟ. ದಪ್ಪ ಬಟ್ಟೆ ತೊಟ್ಟವನಿಗೆ ಭೀಕರವಾದ, ಆದರೆ ಮೇಲುಮೇಲಿನ ಗಾಯವಾಗುತ್ತದೆ. ಹಾಗೆಂದು ಅದನ್ನು ಆಟಿಕೆ ಎಂದುಕೊಳ್ಳಬೇಡಿ. ಎರಡು ಮೂರು ಮೀಟರ್ ಅಂತರದಲ್ಲಿ ಚರೆಗಳು ಬಿಡಿಬಿಡಿಯಾಗಿರದೆ ಒಂದೇ ಮುದ್ದೆಯಂತೆ ಹೋಗಿ ಪ್ಲೈವುಡ್ ಬಾಗಿಲನ್ನು ಕೊರೆದೇಬಿಡುತ್ತವೆ, ಮನುಷ್ಯನನ್ನು ಕೊಲ್ಲಲೂ ಬಲ್ಲವು. ವ್ಯತ್ಯಾಸ ಕಾಣುವುದು ಆಮೇಲೆ: ಬಾಗಿಲು ದಾಟಿದ ಸಣ್ಣ ಚರೆ ಚದುರಿ ಬೇಗ ಬಲ ಕಳೆದುಕೊಳ್ಳುತ್ತದೆ, ಎಸ್‌ಜಿ ಕಳೆದುಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹಿಂದೆ ದಪ್ಪ ಕಲ್ಲುಗೋಡೆಯಷ್ಟೇ ಇರುವ ಕಾಣಕೋಣದ ಮನೆಗೆ ಎಸ್‌ಜಿ ಸರಿ. ಎದುರಿಗೆ ಇನ್ನೊಂದು ಸಂಸಾರವಿರುವ ನಿಮ್ಮ ಫ್ಲ್ಯಾಟಿಗೆ ಬಿಬಿಗಿಂತ ಮೇಲೆ ಹೋಗಬೇಡಿ. ತೂರುವಿಕೆಯಲ್ಲಿ ಸ್ವಲ್ಪ ಸೋತರೂ ಅದು ತಿಳಿದೇ ಒಪ್ಪಿಕೊಂಡ ಸೋಲಾಗಿರಲಿ. ಇದಕ್ಕಿಂತ ಮೊದಲಿನ ಕೆಲಸ ಇನ್ನೊಂದಿದೆ. ಹಳೆಯ ಜೋಡುನಳಿಗೆಗಳಲ್ಲಿ ಎಷ್ಟೋ 65 ಮಿ.ಮೀ. ತೋಟೆಗೆಂದು ಕೊರೆದವು, 70 ಮಿ.ಮೀ.ನ ಈಗಿನ ತೋಟೆ ಅದರಲ್ಲಿ ಕುಳಿತಂತೆ ಕಂಡರೂ, ಹಾರಿದಾಗ ತೋಟೆಯ ಬಾಯಿಯ ಮಡಿಕೆ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಬುಡದ ಮುದ್ರೆಗಳನ್ನು ಪರವಾನಗಿ ಪಡೆದ ಬಂದೂಕು ರಿಪೇರಿಯವರಿಗೆ ತೋರಿಸದೆ ಯಾವ ತೋಟೆಯನ್ನೂ ಹಾಕಬೇಡಿ.

ಪುಣೆ, ಬಾಣೇರ್

ಎಲ್ಲವನ್ನೂ ಓದಿ, ನಿನ್ನೆ ಭಾನುವಾರ ಅಳತೆಪಟ್ಟಿ ಹಿಡಿದು ಮನೆ ಸುತ್ತಿದೆ. ನಮ್ಮ ಮಲಗುವ ಕೋಣೆಯ ಬಾಗಿಲಲ್ಲಿ ನಿಂತರೆ ಮುಂಬಾಗಿಲು 5.2 ಮೀಟರ್, ಅದರ ನೇರಕ್ಕೆ 3 ಮೀಟರ್ ಆಚೆ ಎದುರುಮನೆಯ ಬಾಗಿಲು, ಅದರ ಹಿಂದಿನ ಕೋಣೆಯಲ್ಲಿ ಅವರ ಎರಡು ವರ್ಷದ ಮಗು ಮಲಗುತ್ತದೆ. ಮಗಳ ಕೋಣೆಗೂ ಹಜಾರಕ್ಕೂ ನಡುವಿನ ಗೋಡೆಗೆ ಮೊಳೆ ಸಲೀಸಾಗಿ ಇಳಿಯಿತು, ಅದು ಎಎಸಿ. ಮನೆಯಲ್ಲಿ ಕಾಂಕ್ರೀಟ್ ಹಿನ್ನೆಲೆಯಿರುವ ದಿಕ್ಕು ಒಂದೇ ಒಂದು, ಅದು ಅಡುಗೆಮನೆಯ ಮೂಲೆ. ಅಲ್ಲಿಗೆ ಬಂದು ನಿಲ್ಲೆಂದು ಕಳ್ಳನಿಗೆ ಹೇಳಲಾಗದು.

ಆದ್ದರಿಂದ ಮುಂಬಾಗಿಲಿಗೆ ಕಬ್ಬಿಣದ ಸೇಫ್ಟಿ ಡೋರ್ ಮತ್ತು ಮಲಗುವ ಕೋಣೆಯ ಬಾಗಿಲಿಗೆ ಗಟ್ಟಿ ಒಳಚಿಲಕ ಹಾಕಿಸಲು ಹೇಳಿದ್ದೇನೆ. ಸದ್ದಾದರೆ ನಾಲ್ವರೂ ಒಂದೇ ಕೋಣೆ ಸೇರಿ, ಚಿಲಕ ಹಾಕಿ, 112ಕ್ಕೆ ಕರೆ ಮಾಡುವುದೆಂದು ಮನೆಯಲ್ಲಿ ಮಾತಾಗಿದೆ. ಕೋವಿಯನ್ನು ಪರೀಕ್ಷೆಗೆ ಕೊಡುತ್ತಿದ್ದೇನೆ. ಅದು ವಾಪಸು ಬಂದ ಮೇಲೂ ಬೀಗದ ಪೆಟ್ಟಿಗೆಯಲ್ಲಿ ಖಾಲಿಯಾಗಿಯೇ ಇರುತ್ತದೆ. ಬಿಬಿಯ ಒಂದು ಪೆಟ್ಟಿಗೆ ತರುವುದೋ ಬೇಡವೋ ಎಂಬುದನ್ನು ಹೆಂಡತಿಯೊಡನೆ ಇನ್ನೂ ಚರ್ಚಿಸುತ್ತಿದ್ದೇನೆ. ಅವಳ ಮತ ಬೇಡವೆಂದು. ಕಿವಿಗವಚಗಳಿಗೆ ಮಾತ್ರ ಇಬ್ಬರ ಒಪ್ಪಿಗೆಯೂ ಸಿಕ್ಕಿದೆ. ದೀಪಾವಳಿಗೂ ಆಯಿತೆಂದು ಮಗಳು ಸಂತೋಷಪಟ್ಟಳು.

ತಂದೆಯವರ ಹಳೆಯ ಎಲ್‌ಜಿ ತೋಟೆಗಳು ಹದಿಮೂರು ಉಳಿದಿವೆ, ಕಾಗದದ ಮೈಯವು. ಅವನ್ನೇನು ಮಾಡಲಿ?

ಗೋವಾ, ಕಾಣಕೋಣ

ಕಸಕ್ಕೆ ಎಸೆಯಬೇಡಿ, ನೀರಿಗೆ ಬಿಡಬೇಡಿ, ಬಿಚ್ಚಲೂ ಬೇಡಿ. ಪರವಾನಗಿ ಪುಸ್ತಕದಲ್ಲಿರುವ ತೋಟೆಗಳ ಲೆಕ್ಕದೊಂದಿಗೆ ತಾಳೆ ನೋಡಿ, ಹತ್ತಿರದ ಠಾಣೆಗೆ ಅಥವಾ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಗೆ ಒಪ್ಪಿಸಿ ಲಿಖಿತ ರಸೀದಿ ಪಡೆಯಿರಿ. ಒಪ್ಪಿಸುವವರೆಗೆ ಒಣ ಡಬ್ಬದಲ್ಲಿ, ಕೋವಿಯಿಂದ ಬೇರೆ ಬೀಗದಲ್ಲಿ ಇಡಿ.

ಪುಣೆ, ಬಾಣೇರ್

ಹಾಗೆಯೇ ಮಾಡುತ್ತೇನೆ. ಪುಸ್ತಕದಲ್ಲಿ ಹನ್ನೆರಡು ಎಂದಿದೆ, ಡಬ್ಬದಲ್ಲಿ ಹದಿಮೂರಿದೆ. ನಾಳೆ ಮೊದಲು ದಾದರಿನ ವಕೀಲರಿಗೆ ಕರೆ ಮಾಡಬೇಕು.